ಮನೆಯ ಗುಂಪಿನಲ್ಲಿ ವಿಮಾನದ ಜಗಳ

ದೊಡ್ಡಪ್ಪ (ಶಿರಸಿ): ಪೈಲಟ್‌ಗಳಿಗೆ ಪರಸ್ಪರ ಮಾತಾಡಿ ಕೆಲಸ ಮಾಡುವ ತಂಡಕಾರ್ಯದ ತರಗತಿ ಬೇಕೋ, ಕೈಯಲ್ಲಿ ಹಾರಿಸುವ ಅಭ್ಯಾಸ ಬೇಕೋ? ಮೇಲೆ ಹಾಕಿದ ಲೇಖನ ಓದಿ. 2009ರಲ್ಲಿ ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿ, ವಿಮಾನವನ್ನು ತಾನಾಗಿ ಹಾರಿಸುವ ಆಟೊಪೈಲಟ್ ಕೈಬಿಟ್ಟಿತು. ವಿಮಾನದ ಮೂತಿ ಇಳಿಸಬೇಕಾದ ಪೈಲಟ್ ಅದನ್ನು ಎತ್ತಿ ಹಿಡಿದ! ಕೈಯಲ್ಲಿ ಹಾರಿಸುವ ರೂಢಿಯೇ ತಪ್ಪಿದವರಿಗೆ ತಂಡಕಾರ್ಯದ ತರಗತಿ ಯಾಕೆ? ದೇವಿಮನೆ ಘಟ್ಟದಲ್ಲಿ ಬಸ್ಸು ಜಾರಿದರೆ ಡ್ರೈವರ್ ಕಂಡಕ್ಟರ್ ಜೊತೆ ಸಭೆ ಸೇರುತ್ತಾನೆಯೇ?

ನಾನು: ಬಸ್ಸಿಗೆ ಸ್ಟೇರಿಂಗ್ ಒಂದೇ, ದೊಡ್ಡಪ್ಪ. ಆ ವಿಮಾನದಲ್ಲಿ ಇಬ್ಬರಿಗೂ ಒಂದೊಂದು ಹಿಡಿಕೆ. ಒಂದನ್ನು ಎಳೆದರೆ ಇನ್ನೊಂದು ಅಲುಗುವುದಿಲ್ಲ. ಆಟೊಪೈಲಟ್ ಬಿಟ್ಟ ಮೇಲೆ ನಾಲ್ಕು ನಿಮಿಷ ಚಿಲ್ಲರೆ ಸಮಯವಿತ್ತು. ‘ನಾನು ಎಳೆದೇ ಹಿಡಿದಿದ್ದೇನೆ’ ಎಂದು ಮೂತಿ ಎತ್ತಿದ ಪೈಲಟ್ ಬಾಯಿಬಿಟ್ಟದ್ದು ಕೊನೆಯ ನಿಮಿಷದಲ್ಲಿ.

ಭಾವ (ಕಾರವಾರ): ಮಾವ, ಅಷ್ಟು ದೂರ ಯಾಕೆ? 2010ರ ಮೇ 22, ಮಂಗಳೂರಿನ ವಿಮಾನ ದುರಂತ. ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿದವರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ತನಿಖಾ ವರದಿಯಲ್ಲಿದೆ. 158 ಜನ ಹೋದರು.

ಅತ್ತೆ (ಕುಮಟಾ): ಭಾನುವಾರದ ಉಪನಯನಕ್ಕೆ ಯಾರ ಮನೆಯಿಂದ ಎಷ್ಟು ಜನ ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದೇನೆ. ಅಡುಗೆ ಭಟ್ಟರಿಗೆ ಹೋಳಿಗೆಯ ಲೆಕ್ಕ ಕೊಡಬೇಕು.

ದೊಡ್ಡಪ್ಪ: ಮೂರು ಸಲ ಹೇಳಿ ಏನಾಯಿತು? ಕಸಿದುಕೊಂಡು ತಾನೇ ಮೇಲೇರಿಸಬೇಕಿತ್ತು. ಅದಕ್ಕೆ ಕೈ ಬೇಕು.

ನಾನು: ಕೈಯೂ ಬೇಕು, ಹಿರಿಯರಿಂದ ಕಸಿದುಕೊಳ್ಳುವ ಎದೆಯೂ ಬೇಕು. ನಮ್ಮ ಮನೆಯಲ್ಲಿ ನಿಮ್ಮೆದುರು ಅದು ಯಾರಿಗಿದೆ? ಆ ತರಗತಿಯಲ್ಲಿ ಕಿರಿಯರಿಗೆ ಕಲಿಸುವುದು ಅದನ್ನೇ. ಹಿರಿಯರು ಕಲಿಯುವುದು ಕೇಳಿಸಿಕೊಳ್ಳುವುದನ್ನು. 1989ರಲ್ಲಿ ಅಮೆರಿಕದ ಸಿಯೂ ಸಿಟಿಯಲ್ಲಿ ಬಿದ್ದ ಡಿಸಿ-10 ವಿಮಾನ ನೆನಪಿಸಿಕೊಳ್ಳಿ. ವಿಮಾನವನ್ನು ತಿರುಗಿಸಲು, ಏರಿಳಿಸಲು ಬೇಕಾದ ಹೈಡ್ರಾಲಿಕ್ (ದ್ರವದ ಒತ್ತಡದ) ವ್ಯವಸ್ಥೆ ಪೂರ್ತಿ ಹೋಗಿತ್ತು, ಎಂಜಿನ್‌ಗಳಿಂದಲೇ ನಿಭಾಯಿಸಬೇಕಿತ್ತು. ಪ್ರಯಾಣಿಕರ ನಡುವೆ ಕುಳಿತಿದ್ದ ಪೈಲಟ್ ತರಬೇತುದಾರನೊಬ್ಬನನ್ನು ಒಳಗೆ ಕರೆಸಿ, ಎಂಜಿನ್ ವೇಗ ಹೆಚ್ಚುಕಡಿಮೆ ಮಾಡುವ ಕೆಲಸವನ್ನು ಕ್ಯಾಪ್ಟನ್ ಅವನಿಗೆ ಒಪ್ಪಿಸಿದರು. 296 ಜನರಲ್ಲಿ 184 ಮಂದಿ ಬದುಕಿದರು.

ದೊಡ್ಡಪ್ಪ: ಕೈ ಪಳಗಿದವನೆಂದೇ ಅಲ್ಲವೇ ಕರೆಸಿದ್ದು?

ಭಾವ: ಹೌದು ಮಾವ. ಆಗಾಗ ಕೈಯಲ್ಲೇ ಹಾರಿಸಲು ಅವಕಾಶ ಕೊಡಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಕರೇ 2013ರಲ್ಲಿ ಕಂಪನಿಗಳಿಗೆ ತಿಳಿಸಿದ್ದರು. ಆದರೆ ಪೈಲಟ್‌ಗಳು ಅಭ್ಯಾಸ ಮಾಡುವ ನಕಲು ವಿಮಾನದಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ, ಕ್ಯಾಪ್ಟನ್ ಬೇಕೆಂದೇ ತಪ್ಪಾಗಿ ಇಳಿಸಲು ಹೊರಡಬೇಕು. ಕಿರಿಯವನು ಎಷ್ಟು ಹೊತ್ತಿಗೆ ಹಿಡಿಕೆಗೆ ಕೈ ಹಾಕುತ್ತಾನೆ, ಹಾಕಿದ ಮೇಲೆ ವಿಮಾನ ಮೇಲೇರುತ್ತದೆಯೇ, ಎರಡಕ್ಕೂ ಒಟ್ಟಿಗೇ ಅಂಕ ಕೊಡಬೇಕು.

ದೊಡ್ಡಪ್ಪ: ಈ ಪರೀಕ್ಷೆಯಾದರೆ ನನ್ನ ತಕರಾರಿಲ್ಲ. ತಂಗೀ, ಇಲ್ಲಿಂದ ಐದು ಜನ.