ಮಕ್ಕಳ ಜೊತೆ ಕಾದಂಬರಿಯನ್ನು ಡಾನ್ಸ್ ಆಗಿ ಮಾಡಿದವರಿದ್ದೀರಾ?

ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ ಕಾದಂಬರಿಯನ್ನು (ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರು ನಿಧಾನವಾಗಿ ಕ್ರೂರಿಗಳಾಗುವ ಕಥೆ) 12ರಿಂದ 16 ವರ್ಷದ ಮಕ್ಕಳ ಜೊತೆ ಕಂಟೆಂಪರರಿ ಡಾನ್ಸ್ ಆಗಿ ಮಾಡಬೇಕು ಅಂತಿದ್ದೇವೆ. ಅರ್ಧಕ್ಕರ್ಧ ಮಕ್ಕಳು ಯಾವತ್ತೂ ಡಾನ್ಸ್ ಕಲಿತಿಲ್ಲ. ಅನುಭವ ಇರುವವರು ಹೇಳುತ್ತೀರಾ?

ಉತ್ತರ 1:
ಡಾನ್ಸ್ ಕಲಿತಿಲ್ಲ ಅಂತ ಹೆದರಬೇಡಿ. ನೃತ್ಯ ಸಂಯೋಜಕ ಮ್ಯಾಥ್ಯೂ ಬೋರ್ನ್ ಅವರ ನ್ಯೂ ಅಡ್ವೆಂಚರ್ಸ್ ಡಾನ್ಸ್ ತಂಡ ಬ್ರಿಟನ್ನಿನಲ್ಲಿ ಇದೇ ಕಾದಂಬರಿಯನ್ನು ಮಾಡಿದಾಗ, ಹೋದ ಊರಿನ ಹುಡುಗರನ್ನೇ ತನ್ನ ಕಲಾವಿದರ ಜೊತೆ ಕುಣಿಸಿತ್ತು. ಅವರಲ್ಲಿ ಎಷ್ಟೋ ಜನ ಅದಕ್ಕೆ ಮುಂಚೆ ಕುಣಿದವರೇ ಅಲ್ಲ. ಕಥೆಯ ದ್ವೀಪವನ್ನೂ ಬಿಟ್ಟು, ಯಾರೂ ಇಲ್ಲದ ಒಂದು ರಂಗಮಂದಿರದಲ್ಲಿ ಕಥೆ ನಡೆಸಿದರು. ನೀವೂ ಧೈರ್ಯವಾಗಿ ಬಿಡಬೇಕಾದ್ದನ್ನು ಬಿಡಿ.

ನಾವು ಇದೇ ಕಾದಂಬರಿ ಮಾಡಿದಾಗ ಮೊದಲು ಏನನ್ನೂ ಬಿಡಲಿಲ್ಲ. ಕಾದಂಬರಿಯಲ್ಲಿ 12 ಅಧ್ಯಾಯ ಇವೆ, ಒಂದೊಂದಕ್ಕೂ ಒಂದು ಡಾನ್ಸ್ ಕಟ್ಟಿದೆವು. ನೋಡಿದವರಿಗೆ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಎಲ್ಲ ಬದಿಗಿಟ್ಟು ಶಂಖ ಒಂದನ್ನೇ ಹಿಡಿದುಕೊಂಡೆವು. ಕಥೆಯಲ್ಲಿ ಶಂಖ ಯಾರ ಕೈಲಿದೆಯೋ ಅವರಿಗೆ ಮಾತ್ರ ಮಾತಾಡುವ ಹಕ್ಕು. ನಮ್ಮಲ್ಲಿ ಮಾತಿಲ್ಲವಲ್ಲ, ಹಾಗಾಗಿ ಶಂಖ ಹಿಡಿದವರು ಮಾತ್ರ ಚಲಿಸಬೇಕು, ಉಳಿದವರು ಕಲ್ಲಿನ ಹಾಗೆ ನಿಲ್ಲಬೇಕು ಅಂದೆವು. ಒಂದು ವಾರ ಅದೇ ಆಟ. ಆಮೇಲೆ, ‘ಈಗ ನಿಮಗೆ ತೋಚಿದಾಗ ನಿಯಮ ಮುರಿಯಿರಿ’ ಅಂದೆವು. ಒಬ್ಬ ಕೈ ಎತ್ತಿದ, ಇನ್ನೊಬ್ಬ ಓಡಿದ, ನೋಡನೋಡುತ್ತ ಇಡೀ ಗುಂಪು ಕಾಲು ಬಡಿಯತೊಡಗಿತು. ಒಬ್ಬ ಹುಡುಗ ಮಾತ್ರ ಅಲುಗದೆ ನಿಂತೇ ಇದ್ದ. ನಾವು ಹೇಳಿಕೊಟ್ಟದ್ದಲ್ಲ. ಕಥೆಯಲ್ಲಿ ಕೊನೆಯವರೆಗೂ ನಿಯಮ ಬಿಡದ ಪಿಗ್ಗಿ ಎಂಬ ಹುಡುಗನ ಪಾತ್ರ ಅವನಿಗೇ ಕೊಟ್ಟೆವು.

ಕಥೆಯಲ್ಲಿ ಸೈಮನ್ ಎಂಬ ಹುಡುಗನನ್ನು ಗುಂಪು ಕೊಲ್ಲುವ ಭಾಗಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಯಾರ ಕೈ ಎಲ್ಲಿ ತಾಗುತ್ತದೆ ಅಂತ ನಿಧಾನವಾಗಿ ಒಂದೊಂದೇ ಹೆಜ್ಜೆ ಕೂಡಿಸಿ. ಯಾರಾದರೂ ‘ನಿಲ್ಲಿಸಿ’ ಅಂದರೆ ಎಲ್ಲರೂ ನಿಲ್ಲಲೇಬೇಕು. ಆ ಭಾಗದ ಅಭ್ಯಾಸ ಮುಗಿದ ತಕ್ಷಣ ಮಕ್ಕಳನ್ನು ಮನೆಗೆ ಕಳಿಸಬೇಡಿ. ನಮ್ಮ ಸೈಮನ್ ಒಂದು ದಿನ ಮೂಲೆಯಲ್ಲಿ ಕೂತು ಅತ್ತ. ಅವತ್ತಿನಿಂದ ಕೊನೆಯ ಕಾಲು ಗಂಟೆ ಎಲ್ಲರೂ ಸುತ್ತ ಕೂತು ಸುಮ್ನೆ ಮಾತಾಡುತ್ತಿದ್ದೆವು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಕಾದಂಬರಿಯ ಹಕ್ಕಿನ (ಕಾಪಿರೈಟ್) ವಿಷಯವನ್ನೂ ಮೊದಲೇ ನೋಡಿಕೊಳ್ಳಿ. ಪುಸ್ತಕ ಬಂದದ್ದು 1954ರಲ್ಲಿ ನಿಜ, ಆದರೆ ಗೋಲ್ಡಿಂಗ್ ತೀರಿಕೊಂಡದ್ದು 1993ರಲ್ಲಿ. ಲೇಖಕರು ತೀರಿಕೊಂಡ ಮೇಲೂ ಎಷ್ಟೋ ವರ್ಷ ಹಕ್ಕು ಉಳಿಯುತ್ತದೆ, ಹಾಗಾಗಿ ಅನುಮತಿ ಬೇಕು. ಒಂದು ಮಾತೂ ಬಳಸದಿದ್ದರೂ ಕಥೆ, ಪಾತ್ರ ಅವರದ್ದೇ ಅಲ್ವಾ? ಬೇರೊಂದು ಕಾದಂಬರಿ ಮಾಡುವಾಗ ನಾವು ಪೋಸ್ಟರ್ ಅಂಟಿಸಿದ ಮೇಲೆ ಅನುಮತಿ ಕೇಳಿದೆವು. ಪ್ರದರ್ಶನ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಪರೀಕ್ಷೆ ಬಂತು. ತುಂಬಾ ಆಸೆಯಿಂದ ಕಲಿತಿದ್ದ ಇಬ್ಬರು ಮಕ್ಕಳಿಗೆ ವೇದಿಕೆ ಹತ್ತಲು ಆಗಲೇ ಇಲ್ಲ.