ಲಿಂಡನ್ ಕಾಲುವೆಗೆ ಅಡ್ಡಲಾಗಿ ಸಂಕ ಹಾಕಬಹುದೇ? (ಸೆಕೆಂಡ್ ಲೈಫ್, ಹೆಟೆರೋಸೆರಾ)

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ಕಾಲ್ಪನಿಕ ಲೋಕದಲ್ಲಿ ಜಾಗ ಮಾಡಿಕೊಂಡು ಮನೆ ಕಟ್ಟಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳ್ತಿದ್ದೀನಿ.

ಅಲ್ಲಿನ ಹೆಟೆರೋಸೆರಾ ಖಂಡದಲ್ಲಿ, ರೀಜನ್‌ಗಳಿಗೆಲ್ಲ (ಖಂಡದ ಚೌಕ ತುಂಡುಗಳಿಗೆ) ಪತಂಗಗಳ ಹೆಸರಿಟ್ಟಿದ್ದಾರಲ್ಲ ಅಲ್ಲಿ, ನನ್ನದೊಂದು ಜಾಗ ಇದೆ. ಪ್ರೀಮಿಯಂ ಸದಸ್ಯತ್ವದ ಜೊತೆ ಬರುವ 1024 ಚದರ ಮೀಟರ್ ಅಷ್ಟೇ, 32ಕ್ಕೆ 32. ಎದುರು ದಂಡೆಯ ಜಾಗ ಹೋದ ತಿಂಗಳು ಮಾರಾಟಕ್ಕೆ ಬಂತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿ ತಗೊಂಡಳು. ಅವಳು ಈಗ ಕೆನಡಾದಲ್ಲಿದ್ದಾಳೆ. ಅವಳ ಶನಿವಾರ ರಾತ್ರಿ ಅಂದರೆ ನನಗೆ ಭಾನುವಾರ ಬೆಳಿಗ್ಗೆ. ಸೆಕೆಂಡ್ ಲೈಫ್‌ನಲ್ಲಿ ಒಂದು ದಿನ ಅಂದರೆ ನಾಲ್ಕೇ ಗಂಟೆ, ಹಾಗಾಗಿ ಅಲ್ಲಿ ಮಾತ್ರ ನಾವಿಬ್ಬರೂ ಒಂದೇ ಸಂಜೆ ನೋಡ್ತೀವಿ.

ಎರಡು ಮನೆಯ ನಡುವೆ 24 ಮೀಟರ್ ಅಗಲದ ಕಾಲುವೆ. ಜಾಗದ ವಿವರ ತೋರಿಸೋ ಅಬೌಟ್ ಲ್ಯಾಂಡ್ ತೆಗೆದು ನೋಡಿದರೆ ಮಾಲೀಕರು ಗವರ್ನರ್ ಲಿಂಡನ್, ಅಂದರೆ ಸೆಕೆಂಡ್ ಲೈಫ್ ನಡೆಸೋ ಲಿಂಡನ್ ಕಂಪನಿಯವರೇ, ಪ್ರೊಟೆಕ್ಟೆಡ್ ಲ್ಯಾಂಡ್ ಅಂತಿದೆ. ಅಲ್ಲಿ ಒಂದು ಹಲಗೆ ಇಡೋಕೆ ಹೋದರೂ ಆಗಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. ಮನೆಗೂ ತೋಟಕ್ಕೂ ನಡುವೆ ಹಳ್ಳ. ಮಳೆ ಹಿಡಿಯೋ ಮುಂಚೆ ಅಪ್ಪ ಎರಡು ಅಡಿಕೆ ಮರ ಜೋಡಿಸಿ ಹಾಕಿ, ಹಿಡ್ಕೊಳ್ಳೋಕೆ ಒಂದು ಬಿದಿರು ಕಟ್ಟಿ ಸಂಕ ಮಾಡ್ತಿದ್ದರು. ಗೆಳತಿ ಒಂದು ರಜೆಯಲ್ಲಿ ನಮ್ಮನೆಗೆ ಬಂದಿದ್ದಾಗ ಅದರ ನಡು ಮಧ್ಯ ನಿಂತುಬಿಟ್ಟಳು. ಹಿಂದೆಯೂ ಹೋಗಲ್ಲ, ಮುಂದೆಯೂ ಬರಲ್ಲ. ಅಪ್ಪನೇ ಹೋಗಿ ಕೈ ಹಿಡಿದು ದಾಟಿಸಿದರು. ಅಪ್ಪ ಈಗಿಲ್ಲ. ಅಂಥದೇ ಒಂದು ಸಂಕ ಈ ಕಾಲುವೆಗೆ ಹಾಕಬೇಕು ಅಂತ ನಮ್ಮಿಬ್ಬರಿಗೂ ಆಸೆ.

ಕೇಳೋದು ಎರಡು. ನಮ್ಮದಲ್ಲದ ನೀರಿನ ಮೇಲೆ ಹಾಕೋಕೆ ದಾರಿ ಇದೆಯಾ? ಇದ್ದರೂ, ಹಾಕೋದು ಸರಿಯಾ? ಆ ಕಾಲುವೆಯಲ್ಲಿ ದಿನಕ್ಕೆ ಒಂದೆರಡಾದರೂ ದೋಣಿ ಹೋಗೋದು ನೋಡಿದ್ದೀನಿ.

ಹಳೇಬಡಗಿ:

ಮೊದಲನೇ ಪ್ರಶ್ನೆಗೆ ಉತ್ತರ: ದಾರಿ ಇದೆ.

ಸೆಕೆಂಡ್ ಲೈಫ್‌ನಲ್ಲಿ ಒಂದು ವಸ್ತು ಯಾರ ನೆಲದ್ದು ಅಂತ ತೀರ್ಮಾನ ಆಗೋದು ಅದರ ಕೇಂದ್ರ ಎಲ್ಲಿದೆ ಅನ್ನೋದರ ಮೇಲೆ. ಹಲವು ಪ್ರಿಮ್ (ಕಟ್ಟೋಕೆ ಬಳಸೋ ಮೂಲ ತುಂಡು) ಲಿಂಕ್ ಮಾಡಿದ್ದರೆ ರೂಟ್ ಪ್ರಿಮ್‌ನ, ಅಂದರೆ ಅವುಗಳಲ್ಲಿ ಮುಖ್ಯವಾದದ್ದರ, ಕೇಂದ್ರ. ಅದು ನಿಮ್ಮ ಜಾಗದಲ್ಲಿದ್ದರೆ ಉಳಿದ ಭಾಗ ಎಷ್ಟು ಆಚೆ ಚಾಚಿದರೂ ಲೆಕ್ಕ ನಿಮ್ಮ ಪಾರ್ಸೆಲ್‌ಗೇ ಬೀಳುತ್ತೆ. 1024ಕ್ಕೆ 351 ಲ್ಯಾಂಡ್ ಇಂಪ್ಯಾಕ್ಟ್ (ಜಾಗದಲ್ಲಿ ಎಷ್ಟು ವಸ್ತು ಇಡಬಹುದು ಅನ್ನೋ ಮಿತಿ) ಸಿಗುತ್ತಲ್ಲ, ನಿಮ್ಮ ಸಂಕಕ್ಕೆ ಐದಾರು ಸಾಕು.

ಈಗ ಕೇಂದ್ರವನ್ನು ದಂಡೆಯಲ್ಲಿಟ್ಟುಕೊಂಡು ಮರವನ್ನು ಪೂರ್ತಿ ನೀರಿನ ಕಡೆ ಚಾಚೋದು ಹೇಗೆ? ನಾವು ಬಾಗಿಲು ಮಾಡೋ ಉಪಾಯವೇ. ಬಾಕ್ಸ್ ಪ್ರಿಮ್‌ಗೆ ಪಾತ್ ಕಟ್ ಅನ್ನೋ ಕತ್ತರಿಸೋ ಸೆಟ್ಟಿಂಗ್ 0.375ರಿಂದ 0.875 ಕೊಟ್ಟರೆ ಅರ್ಧ ಮಾಯ, ಆದರೆ ಕೇಂದ್ರ ಇದ್ದಲ್ಲೇ ಇರುತ್ತೆ, ಅಂದರೆ ಉಳಿದ ಅರ್ಧದ ತುದಿಯಲ್ಲಿ. ಬಾಗಿಲು ಕೀಲಿನ ಮೇಲೆ ತಿರುಗೋದು ಅದರಿಂದಲೇ. ಉರುಟು ಮರಕ್ಕೆ, ಅಂದರೆ ಸಿಲಿಂಡರ್‌ಗೆ, ಪಾತ್ ಕಟ್ ಮಾಡಿದರೆ ಉದ್ದುದ್ದ ಸೀಳುತ್ತೆ, ಅದಕ್ಕೆ ಅಡ್ಡಕ್ಕೆ ಕತ್ತರಿಸೋ ಸ್ಲೈಸ್ ಬಳಸಿ. 0ರಿಂದ 0.5.

ಪ್ರಿಮ್ ಈಗ 64 ಮೀಟರ್‌ವರೆಗೆ ಎಳೆಯಬಹುದು. 2011ಕ್ಕೆ ಮುಂಚೆ 10 ಮೀಟರೇ ಮಿತಿ, ಆಗ ಇಂಥದ್ದಕ್ಕೆ ತುಂಬಾ ಒದ್ದಾಡಿದ್ದೀವಿ. ನಿಮಗೆ 50 ಮೀಟರ್ ಸಾಕು. ಅರ್ಧ ಹೋದರೆ 25, ಕಾಲುವೆ 24.

ಬರೀ ಲಿಂಕ್ ಮಾಡಿಯೂ ಇದನ್ನು ಸಾಧಿಸಬಹುದು. ಆದರೆ ಕೈತಪ್ಪಿ ಅನ್‌ಲಿಂಕ್ ಆದರೆ ನೀರಿನ ಮೇಲಿನ ತುಂಡುಗಳು ಲಿಂಡನ್ ಜಾಗದಲ್ಲಿ ಅನಾಥವಾಗಿ, ವಾಪಸ್ಸಾಗಿ ಲಾಸ್ಟ್ ಆ್ಯಂಡ್ ಫೌಂಡ್ ಸೇರುತ್ತವೆ. ಒಂದೊಂದು ಮರದ ಕೇಂದ್ರವೂ ನಿಮ್ಮ ನೆಲದಲ್ಲೇ ಇದ್ದರೆ ಆ ಭಯ ಇಲ್ಲ.

ಹೊಸಬ್ಬ:

ಅಲ್ಲಿ ಹಾರಬಹುದಲ್ವಾ ಅಕ್ಕ? ಟೆಲಿಪೋರ್ಟ್ ಕೂಡ ಇದೆ. ಸಂಕ ಯಾಕೆ ಬೇಕು? ಸುಮ್ಮನೆ ಕೇಳಿದ್ದು, ತಪ್ಪು ತಿಳೀಬೇಡಿ.

ಹೊಳೆದಂಡೆ:

ತಪ್ಪೇನಿಲ್ಲ ತಮ್ಮಾ. ಟೆಲಿಪೋರ್ಟ್ ಮಾಡಿದರೆ ಅವಳು ದಿಢೀರಂತ ಜಗಲಿಯಲ್ಲಿ ನಿಂತಿರ್ತಾಳೆ. ನಡೆದು ಬಂದರೆ ಆಚೆ ದಂಡೆಯಿಂದಲೇ ಕಾಣ್ತಾಳೆ, ಬರೋದನ್ನು ನೋಡ್ತಾ ಕೂತಿರ್ತೀನಿ. ಆ ಅರ್ಧ ನಿಮಿಷಕ್ಕಾಗಿ ಇಷ್ಟೆಲ್ಲ.

ಹಾಯಿಪಟ:

ನಾನು ದೋಣಿಯ ಕಡೆಯವನು ಮೇಡಂ, ಎರಡನೇ ಪ್ರಶ್ನೆಗೆ ಉತ್ತರ ನನ್ನಿಂದಲೇ ಬರಬೇಕು.

ಬಡಗಿಯವರು ಹೇಳಿದ್ದು ಎಲ್ಲ ನಿಜ. ಆದರೆ ಸಾಫ್ಟ್‌ವೇರ್ ಬಿಡುತ್ತದೆ ಎಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಅಬ್ಯೂಸ್ ರಿಪೋರ್ಟ್ ಎಂಬ ದೂರಿನ ಅರ್ಜಿಯಲ್ಲಿ ಎನ್‌ಕ್ರೋಚ್‌ಮೆಂಟ್ (ಒತ್ತುವರಿ) ಎಂದೇ ಒಂದು ವಿಭಾಗ ಇದೆ. ಯಾರಾದರೂ ದೂರು ಕೊಟ್ಟು, ಲಿಂಡನ್‌ನವರು ಬಂದು ನೋಡಿ ಬೇಡ ಎಂದರೆ ನಿಮ್ಮ ಸಂಕ ವಾಪಸ್ ನಿಮ್ಮ ಇನ್ವೆಂಟರಿಗೆ. ಮೊದಲೇ ಸಪೋರ್ಟ್ ಟಿಕೆಟ್ ಹಾಕಿ, ಜಾಗದ ಹೆಸರು, ಚಿತ್ರ ಎಲ್ಲ ಕೊಟ್ಟು ಕೇಳಿ.

ನಾನು ಮಲ್ಪೆಯವನು. ಅಳಿವೆ ಬಾಯಿಗೆ ಯಾರೋ ಒಬ್ಬರು ಹಗ್ಗ ಕಟ್ಟಿದರೆ ದೋಣಿಯವರು ಸುಮ್ಮನಿರುತ್ತಾರಾ? ಆ ಕಾಲುವೆಯೂ ಹಾಗೆಯೇ. ಮೇನ್‌ಲ್ಯಾಂಡ್‌ನಲ್ಲಿ, ಅಂದರೆ ಲಿಂಡನ್‌ನವರ ಈ ಖಂಡಗಳಲ್ಲಿ, ಒಬ್ಬೊಬ್ಬರ ಜಾಗ ಒಂದೊಂದು ತರಹ. ಇಲ್ಲಿ ಬೇಲಿ, ಅಲ್ಲಿ ಪ್ರವೇಶವಿಲ್ಲ. ಆ ರಸ್ತೆ, ರೈಲು ಹಳಿ, ನೀರು ಮಾತ್ರ ಎಲ್ಲರಿಗೂ ಅಂತ ಉಳಿದಿರುವುದು. 2008ರಿಂದ ಲಿಂಡನ್‌ನವರ ಲೋಕೋಪಯೋಗಿ ವಿಭಾಗದ ಮೋಲ್ ಎಂಬ ಕೆಲಸಗಾರರು ಇವುಗಳ ಕೆಲಸ ಮಾಡುತ್ತಿದ್ದಾರೆ. ನನ್ನ ಹಾಯಿದೋಣಿಯ ಕಂಬ 18 ಮೀಟರ್. ನೀರಿನ ಮಟ್ಟ 20 ಮೀಟರ್‌ನಲ್ಲಿರುತ್ತದಲ್ಲ, ಅಂದರೆ 38ರ ಕೆಳಗೆ ಏನು ಕಟ್ಟಿದರೂ ನನಗೆ ಆ ದಾರಿ ಮುಚ್ಚಿದಂತೆ. ಅಡಿಕೆ ಮರದ ಸಂಕ 38 ಮೀಟರ್ ಎತ್ತರದಲ್ಲಿ ಹಾಕಿದರೆ ಅದು ಸಂಕವಾಗಿ ಉಳಿಯುವುದಿಲ್ಲ, ಅದೂ ನನಗೆ ಅರ್ಥವಾಗುತ್ತದೆ.

ಒಮ್ಮೆ ಮೂರು ಗಂಟೆ ಹಾಯಿಸಿಕೊಂಡು ಬಂದು ಒಂದು ಕಾಲುವೆಯಲ್ಲಿ ತಿರುಗಿದರೆ, ಹಿಂದಿನ ವಾರ ಇಲ್ಲದ ಕಮಾನು ಸೇತುವೆ. ನೋಡಲು ಬಹಳ ಚೆಂದ ಇತ್ತು. ಕಂಬ ಇಳಿಸಿ ಕೆಳಗೆ ನುಗ್ಗಿದರೂ ದೋಣಿ ಗಾಳಿಗೇ ಬಡಿದು ನಿಂತಿತು. ಕಟ್ಟಿದವರು ಫಿಸಿಕ್ಸ್ ಶೇಪನ್ನು (ಡಿಕ್ಕಿಗೆ ಲೆಕ್ಕ ಹಿಡಿಯುವ ಆಕಾರವನ್ನು) ಕಾನ್ವೆಕ್ಸ್ ಹಲ್ ಮಾಡಿದ್ದರು. ಕಣ್ಣಿಗೆ ಕಮಾನಿನ ಕೆಳಗೆ ಖಾಲಿ, ಲೆಕ್ಕದಲ್ಲಿ ಗೋಡೆ. ಅಲ್ಲಿಂದ ವಾಪಸ್ ತಿರುಗಲೂ ಜಾಗ ಇರಲಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಗಡಿಮನೆ:

ಒಂದು ವಿಷಯ ಯಾರೂ ಕೇಳಿಲ್ಲ. ಕಾಲುವೆ ಒಂದೇ ರೀಜನ್‌ನಲ್ಲಿದೆಯಾ?

256 ಮೀಟರ್‌ಗೊಂದು ಗಡಿ. ಗಡಿ ದಾಟಿ ಚಾಚಿದ ಭಾಗ ಕಾಣುತ್ತೆ, ಕಾಲಿಗೆ ಸಿಗಲ್ಲ. ಆಚೆ ರೀಜನ್ ನಡೆಸುವ ಸಿಮ್ಯುಲೇಟರ್‌ಗೆ ನಿಮ್ಮ ವಸ್ತು ಇದೆ ಅಂತಲೇ ಲೆಕ್ಕ ಇಲ್ಲ. ನಾನು 2014ರಲ್ಲಿ ಗೊತ್ತಿಲ್ಲದೆ ಹಾಗೆ ಕಟ್ಟಿ, ನೆಂಟರನ್ನೆಲ್ಲ ಕರೆದೆ. ಬಂದವರು ಬಂದಹಾಗೇ ಅರ್ಧದಲ್ಲಿ ನೀರಿಗೆ ಬಿದ್ದರು. ಬೇಸರ ಆಗಿ ಎರಡು ತಿಂಗಳು ಆ ಕಡೆ ಹೋಗಲಿಲ್ಲ.

ಹೊಳೆದಂಡೆ:

ಈಗಷ್ಟೇ ನೋಡಿ ಬಂದೆ. ಗಡಿ ಇರೋದು ಗೆಳತಿಯ ಮನೆಯ ಹಿಂದೆ, ಕಾಲುವೆ ಪೂರ್ತಿ ನಮ್ಮ ರೀಜನ್‌ನಲ್ಲೇ ಇದೆ. ಇದು ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್.

ಹಾಯಿಪಟ ಸರ್, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಹಳ್ಳದಲ್ಲಿ ದೋಣಿ ಓಡಾಡ್ತಿರಲಿಲ್ಲ, ಅಪ್ಪನ ಸಂಕ ಯಾರ ದಾರಿಗೂ ಅಡ್ಡ ಇರಲಿಲ್ಲ. ಇಲ್ಲಿ ಹಾಗಲ್ಲ. ಆದರೆ ಬಡಗಿಯವರ ಬಾಗಿಲಿನ ಮಾತು ತಲೆಯಲ್ಲೇ ಉಳೀತು. ಕೇಂದ್ರ ತುದಿಯಲ್ಲೇ ಇದೆ ಅಂದರೆ ಸಂಕವನ್ನೂ ಬಾಗಿಲ ಹಾಗೆ ತಿರುಗಿಸಬಹುದಲ್ವಾ? ಬೇಡದಾಗ ನನ್ನ ದಂಡೆಗುಂಟ ಮಲಗಿರಲಿ. ದಾಟೋರು ಇದ್ದಾಗ ಮಾತ್ರ ಅಡ್ಡ ಬರಲಿ.

ಅಳತೆ ಮಾಡಿದೆ. ಸಂಕದ ಅಗಲ 2 ಮೀಟರ್. ದಂಡೆಗುಂಟ ಮಲಗಿದಾಗ ನೀರಿನ ಮೇಲೆ ಒಂದಿಂಚೂ ಹೋಗಬಾರದು ಅಂದರೆ ಕೀಲು ಅಂಚಿಂದ 1 ಮೀಟರ್ ಒಳಗಿರಬೇಕು. ಹಾಗಾಗಿ 50 ಸಾಲದು, 52 ಬೇಕು. ಅರ್ಧ 26. ಅದರಲ್ಲಿ 1 ನನ್ನ ಕಡೆ, 24 ನೀರು, 1 ಅವಳ ದಂಡೆ. ಕೀಲನ್ನು ಜಾಗದ ಒಂದು ಮೂಲೆಯಿಂದ 3 ಮೀಟರ್‌ಗೆ ಇಟ್ಟರೆ ಪಕ್ಕದಲ್ಲಿ 29 ಉಳಿಯುತ್ತೆ, 26 ಅದರೊಳಗೆ ಕೂರುತ್ತೆ.

ಹಳೇಬಡಗಿ:

ಲೆಕ್ಕ ಸರಿಯಾಗಿದೆ. ಇಷ್ಟು ಚೊಕ್ಕವಾಗಿ ನನಗೂ ಹೊಳೆದಿರಲಿಲ್ಲ.

ತಿರುಗಿಸೋವಾಗ ಒಂದೇ ಏಟಿಗೆ 90 ಡಿಗ್ರಿ ತಿರುಗಿಸಬೇಡಿ, ಮಧ್ಯೆ ದೋಣಿ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತೆ. 3 ಡಿಗ್ರಿಯ ಹಾಗೆ 30 ಹೆಜ್ಜೆ. ಸ್ಕ್ರಿಪ್ಟ್‌ನಲ್ಲಿ ತಿರುಗಿಸೋ ಆಜ್ಞೆ ಎಲ್‌ಎಲ್‌ಸೆಟ್‌ರಾಟ್ ತಾನಾಗೇ ಪ್ರತಿ ಸಲ 0.2 ಸೆಕೆಂಡ್ ನಿಲ್ಲುತ್ತೆ, ಒಟ್ಟು 6 ಸೆಕೆಂಡ್. ಶುರು ಮಾಡೋ ಮುಂಚೆ ಎಲ್‌ಎಲ್‌ಸೆನ್ಸರ್‌ನಿಂದ ಸುತ್ತ 40 ಮೀಟರ್‌ನಲ್ಲಿ ಯಾರಿದ್ದಾರೆ ನೋಡಿ. ದೋಣಿಯಲ್ಲಿ ಕೂತವರೂ ಅದಕ್ಕೆ ಸಿಗ್ತಾರೆ.

ಹೊಳೆದಂಡೆ:

ಒಂದು ವಾರ ಬಿಟ್ಟು ಬರೀತಿದ್ದೀನಿ. ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಕಟ್ಟಿ ನೋಡೋಕೆ ಅಂತಲೇ ಇರೋ ಜಾಗದಲ್ಲಿ, ಮಾಡಿ ನೋಡಿದೆ. ಮೊದಲ ದಿನ ಸಂಕ ಅಲುಗಾಡಲೇ ಇಲ್ಲ. ಸೆನ್ಸರ್‌ಗೆ ನಾನೇ ಸಿಗ್ತಿದ್ದೆ! ಸರಿ, ಕೂತಿರೋರನ್ನು ಮಾತ್ರ ಲೆಕ್ಕ ಹಿಡಿ ಅಂತ ಬರೆದೆ. ಆಮೇಲೆ ಗೆಳತಿ ಪಕ್ಕದಲ್ಲಿ ಒಂದು ಮಣೆ ಇಟ್ಟು ಕೂತಳು, ಮತ್ತೆ ಸಂಕ ಬರಲಿಲ್ಲ. ಮನೆಯಲ್ಲೂ ಅವಳು ಜಗಲಿ ಮೇಲೆ ಕೂತೇ ಇರ್ತಾಳೆ, ಹಾಗಾದರೆ ದಾಟೋದು ಯಾವಾಗ?

ಕೊನೆಗೆ ಎಲ್‌ಎಲ್‌ಗೆಟ್‌ಲ್ಯಾಂಡ್‌ಓನರ್‌ಅಟ್ ಸಿಕ್ತು. ಒಬ್ಬರು ನಿಂತ ಜಾಗ ಕೊಟ್ಟರೆ, ಆ ನೆಲ ಯಾರದು ಅಂತ ಹೇಳುತ್ತೆ. ಈಗ ಸಂಕ ಅಷ್ಟನ್ನೇ ನೋಡುತ್ತೆ. ಹತ್ತಿರ ಇರುವ ಯಾರಾದರೂ ನಮ್ಮಿಬ್ಬರದ್ದಲ್ಲದ ಜಾಗದ ಮೇಲಿದ್ದರೆ, ಅಂದರೆ ನೀರಿನ ಮೇಲಿದ್ದರೆ, ಅದು ಕದಲಲ್ಲ. ದೋಣಿ ಬರ್ತಿದ್ದರೆ ಅಡ್ಡ ಹೋಗಲ್ಲ. ಸಂಕದ ಮೇಲೆ ನಡೀತಿರೋರು ಇದ್ದರೂ ಅವರೂ ನೀರಿನ ಮೇಲೆಯೇ ಅಲ್ವಾ, ಅವರು ಇಳಿಯೋವರೆಗೂ ತಿರುಗಲ್ಲ. ಒಂದೇ ಪ್ರಶ್ನೆ ಎರಡೂ ಕಡೆಯವರನ್ನು ಕಾಯುತ್ತೆ. ದಾಟಿದ ಮೇಲೆ 60 ಸೆಕೆಂಡ್‌ಗೆ ತಾನೇ ದಂಡೆಗೆ ಮರಳುತ್ತೆ.

ಟಿಕೆಟ್ ಹಾಕಿದ್ದೀನಿ, ಚಿತ್ರ, ಅಳತೆ, ಸ್ಕ್ರಿಪ್ಟ್ ಎಲ್ಲ ಸೇರಿಸಿ. ಉತ್ತರ ಬರೋವರೆಗೆ ಅಡ್ಡ ಹಾಕಲ್ಲ ಅಂತ ನಾವಿಬ್ಬರೂ ಮಾತಾಡ್ಕೊಂಡಿದ್ದೀವಿ. ಈಗ ನನ್ನ ದಂಡೆಗುಂಟ ಮಲಗಿದೆ. ಬಿದಿರನ್ನೂ ಕಟ್ಟಿದ್ದೀನಿ, ಎಡಗೈಗೆ ಸಿಗೋ ಹಾಗೆ. ಅಪ್ಪ ಎಡಗಡೆಗೇ ಕಟ್ತಿದ್ದರು.

ಹಾಯಿಪಟ:

ಬರುವ ಭಾನುವಾರ ಆ ದಾರಿಯಾಗಿ ಬರುತ್ತೇನೆ ಮೇಡಂ, 18 ಮೀಟರ್ ಕಂಬದೊಂದಿಗೆ. ನೀವು ಟಿಕೆಟ್‌ನ ಸಂಖ್ಯೆ ಕೊಟ್ಟರೆ, ಆ ನೀರಿನಲ್ಲಿ ಓಡಾಡುವವನಾಗಿ ನನ್ನ ಅಭ್ಯಂತರ ಇಲ್ಲ ಎಂದು ನಾನೂ ಅವರಿಗೆ ಬರೆಯುತ್ತೇನೆ.