ನಾಯಕಿ ಚುನಾವಣೆಗೆ ನಿಂತಿದ್ದಾಳೆ, ನಾಯಕ ಸರ್ಕಾರಿ ಉಪನ್ಯಾಸಕ: ನನ್ನ ಪ್ರೇಮ ಕಾದಂಬರಿಯಲ್ಲಿ ಎಲ್ಲೆಲ್ಲಿ ಎಡವಿದೀನಿ?

ಕರಡು_ಪ್ರತಿ:

ಪ್ರೇಮ ಕಾದಂಬರಿಯೊಂದರ ಮೊದಲ ಕರಡು ಮುಗಿದಿದೆ, 32 ಅಧ್ಯಾಯ. ನಾಯಕಿ ಗೌರಿ, ವಯಸ್ಸು 34. ತುಮಕೂರು ಜಿಲ್ಲೆಯ ಒಂದು ಕಲ್ಪಿತ ಕ್ಷೇತ್ರದಿಂದ ಮೊದಲ ಸಲ ವಿಧಾನಸಭೆಗೆ ನಿಲ್ತಾಳೆ, ದೊಡ್ಡ ಪಕ್ಷದ ಟಿಕೆಟ್. ನಾಯಕ ರಘು ಅದೇ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಇಬ್ಬರೂ ಹಿಂದೂಗಳು, ಜಾತಿ ಬೇರೆ ಬೇರೆ, ಪ್ರೀತಿ ಗುಟ್ಟಾಗಿದೆ.

ಈಗಿರುವ ಕಥೆ ಹೀಗೆ: ರಘು ತೆರೆದ ಜೀಪಿನಲ್ಲಿ ಅವಳ ಜೊತೆ ಪ್ರಚಾರ ಮಾಡ್ತಾನೆ. ನಾಮಪತ್ರದ ಹಿಂದಿನ ದಿನ ಇಬ್ಬರೂ ರಿಜಿಸ್ಟರ್ ಮದುವೆ ಆಗ್ತಾರೆ. ಮತ ಎಣಿಕೆಯ ದಿನ ರಘು ಅವಳ ಏಜೆಂಟ್ ಆಗಿ ಒಳಗೆ ಕೂತು, ಫೋನಿನಿಂದ ‘ಗೆದ್ದೆ ಕಣೇ’ ಅಂತ ಮೆಸೇಜ್ ಕಳಿಸ್ತಾನೆ. ಶಾಸಕಿ ಆದಮೇಲೆ ಅವಳಿಗೆ ಪುರುಸೊತ್ತಿಲ್ಲ, ಯಾರೋ ಹೇಳಿದ್ದನ್ನ ನಂಬಿ ಅಪಾರ್ಥ, ದೂರ. ಕೊನೆಗೆ ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟು ವಾಪಸ್ ಬರ್ತಾನೆ.

ಓದಿದ ಇಬ್ಬರೂ ಒಂದೇ ಮಾತು ಹೇಳಿದ್ರು: ‘ರಾಜಕೀಯ ಬರೀ ಹಿಂದಿನ ಪರದೆ. ಅವಳು ಬ್ಯೂಟಿ ಪಾರ್ಲರ್ ಇಟ್ಟಿದ್ರೂ ಇದೇ ಕಥೆ ನಡೀತಿತ್ತು.’ ತಪ್ಪುಗಳನ್ನ ಮುಲಾಜಿಲ್ಲದೆ ಹೇಳಿ.

ನಾಮಪತ್ರ_ವಿಭಾಗ:

ತೆರೆದ ಜೀಪಿನಿಂದಲೇ ಶುರು ಮಾಡೋಣ. ಸರ್ಕಾರಿ ನೌಕರ ಯಾವ ಪಕ್ಷದ ಪ್ರಚಾರಕ್ಕೂ ಹೋಗೋ ಹಾಗಿಲ್ಲ, ನಡತೆ ನಿಯಮ ಬಿಡಲ್ಲ. ಒಂದು ಫೋಟೊ ಸಾಕು, ಎದುರಾಳಿ ಕಡೆಯವರು ದೂರು ಕೊಡ್ತಾರೆ, ರಘು ಅಮಾನತ್ತಾಗ್ತಾನೆ. ಏಜೆಂಟ್ ಆಗೋದಂತೂ ಅಪರಾಧವೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಪ್ರಕಾರ ಸರ್ಕಾರಿ ನೌಕರ ಅಭ್ಯರ್ಥಿಗೆ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್, ಎಣಿಕೆ ಏಜೆಂಟ್ ಯಾವುದೂ ಆಗುವಂತಿಲ್ಲ. ಹಾಗೇನಾದ್ರೂ ಆದ್ರೆ 3 ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಇದು ನಿಮಗೆ ನಷ್ಟ ಅಂದ್ಕೋಬೇಡಿ. ಊರೆಲ್ಲ ಅವಳ ಹಿಂದೆ ಜೈಕಾರ ಹಾಕ್ತಿರುವಾಗ ಅವನೊಬ್ಬ ಕಾಲೇಜಿನ ಕಿಟಕಿ ಹತ್ತಿರ ನಿಂತು ಮೈಕಿನ ಸದ್ದು ಕೇಳಬೇಕು. ನಿಮ್ಮ ಜೀಪಿನ ದೃಶ್ಯಕ್ಕಿಂತ ಇದರಲ್ಲಿ ಪ್ರೀತಿ ಜಾಸ್ತಿ ಕಾಣುತ್ತೆ.

ಮದುವೆ. ‘ರಿಜಿಸ್ಟರ್ ಮದುವೆ’ ಅಂತ ಸಿನಿಮಾದವರು ಒಂದೇ ಮಧ್ಯಾಹ್ನದಲ್ಲಿ ಮುಗಿಸ್ತಾರೆ. ವಿಶೇಷ ವಿವಾಹ ಕಾಯ್ದೆಯಡಿ ಆಗಬೇಕಾದ್ರೆ ಮೊದಲು ನೋಟಿಸ್ ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ಆ ನೋಟಿಸನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ತಾರೆ, ಆಕ್ಷೇಪಣೆಗೆ 30 ದಿನ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಆದರೆ ನಿಮ್ಮ ಜೋಡಿಗೆ ಇದು ಬೇಕಾಗೇ ಇಲ್ಲ. ಇಬ್ಬರೂ ಹಿಂದೂಗಳಾದ್ರೆ ಜಾತಿ ಬೇರೆ ಇದ್ರೂ ಹಿಂದೂ ವಿವಾಹ ಕಾಯ್ದೆಯಡಿ ದೇವಸ್ಥಾನದಲ್ಲಿ ಶಾಸ್ತ್ರೋಕ್ತವಾಗಿ ಆಗಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬಹುದು. ಯಾವುದನ್ನ ಆರಿಸ್ಕೋತೀರ ಅನ್ನೋದರ ಮೇಲೆ ಕಥೆ ತಿರುಗುತ್ತೆ. ನೋಟಿಸ್ ದಾರಿ ಹಿಡಿದ್ರೆ ಎದುರಾಳಿ ಪಕ್ಷದ ಹುಡುಗ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕೋದಕ್ಕೆ ಒಂದು ತಿಂಗಳ ಅವಕಾಶ.

ಈಗ ಅಸಲಿ ವಿಷಯ, ಪ್ರಮಾಣಪತ್ರ, ಅಂದ್ರೆ ಅಫಿಡವಿಟ್. ನಾಮಪತ್ರದ ಜೊತೆ ಕೊಡೋ ನಮೂನೆ 26ರಲ್ಲಿ ‘ಸ್ವಂತ’ ಅನ್ನೋ ಕಾಲಂ ಪಕ್ಕದಲ್ಲೇ ‘ಪತಿ ಅಥವಾ ಪತ್ನಿ’ ಅಂತ ಇರುತ್ತೆ. ಮದುವೆ ಆಗಿದ್ರೆ ರಘುವಿನ ಪ್ಯಾನ್, 5 ವರ್ಷದ ಆದಾಯ, ಕೈಯಲ್ಲಿರೋ ನಗದು, ಬ್ಯಾಂಕ್ ಖಾತೆ, ಬೈಕು, ಸೊಸೈಟಿ ಸಾಲ, ಕೊರಳ ಸರ ಎಷ್ಟು ಗ್ರಾಂ, ಅಪ್ಪನಿಂದ ಬಂದ ಜಮೀನು ಎಷ್ಟು ಗುಂಟೆ, ಎಲ್ಲ ಬರೀಬೇಕು. ಅದು ಚುನಾವಣಾ ಆಯೋಗದ ವೆಬ್‌ಸೈಟಿಗೆ ಹೋಗುತ್ತೆ, ಯಾರು ಬೇಕಾದ್ರೂ ನೋಡಬಹುದು. ಕಾಲಂ ಖಾಲಿ ಬಿಡೋ ಹಾಗಿಲ್ಲ. ಇಲ್ಲದಿದ್ರೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಅಂತಲೇ ಬರೀಬೇಕು, ಚುನಾವಣಾಧಿಕಾರಿ ಹೇಳಿದ ಮೇಲೂ ತುಂಬದಿದ್ರೆ ನಾಮಪತ್ರ ತಿರಸ್ಕಾರ ಆಗಬಹುದು. ಸುಳ್ಳು ಬರೆದ್ರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ, 6 ತಿಂಗಳವರೆಗೆ ಶಿಕ್ಷೆ.

ಹಾಗಾಗಿ ನಿಮ್ಮ ಕಥೆಯಲ್ಲಿ ಹಿಂದಿನ ದಿನ ಮದುವೆ ಆಯ್ತು ಅಂದ್ಕೊಳ್ಳಿ. ವಕೀಲರು ಎರಡು ದಿನ ಮೊದಲೇ ಟೈಪ್ ಮಾಡಿಸಿ, ನೋಟರಿ ಮೊಹರು ಹಾಕಿಸಿ ಇಟ್ಟಿರೋ ಪ್ರಮಾಣಪತ್ರದಲ್ಲಿ ಆ ಕಾಲಂ ಪೂರ್ತಿ ‘ಅನ್ವಯಿಸುವುದಿಲ್ಲ’. ಬೆಳಗ್ಗೆ 11ರಿಂದ 3 ಗಂಟೆವರೆಗೆ ಮಾತ್ರ ನಾಮಪತ್ರ ತಗೋತಾರೆ, ಇವಳೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡೋ ಬಿ ಫಾರಂ ಕೂಡ ಕೊನೆ ದಿನ 3ರೊಳಗೆ ತಲುಪಬೇಕು. ಹೊರಗೆ ಡೊಳ್ಳು, ಒಳಗೆ ಅಭ್ಯರ್ಥಿ ಸೇರಿ ಐವರಿಗೆ ಮಾತ್ರ ಪ್ರವೇಶ, ಅವಳ ಕೈಯಲ್ಲಿ ನಿನ್ನೆಯಿಂದ ಸುಳ್ಳಾಗಿರೋ ಒಂದು ಕಾಗದ. ನನ್ನ ಕೇಳಿದ್ರೆ ಕಾದಂಬರಿಯ ಮಧ್ಯದ ಕಂಬ ಇದೇ. ಅವಳು ವಕೀಲರಿಗೆ ‘ಇದನ್ನ ಬದಲಾಯಿಸಬೇಕು’ ಅಂತ ಹೇಳೋ ಗಳಿಗೆಯಲ್ಲೇ ಗುಟ್ಟು ರಟ್ಟಾಗುತ್ತೆ. ಆ ಮಾತಿಗೆ ಎರಡು ಪುಟ ಕೊಡಿ.

ಮದುವೆ ಊಟಕ್ಕೆ ಕಾರ್ಯಕರ್ತರನ್ನ ಕೂರಿಸಬೇಡಿ, ಚುನಾವಣಾ ವೆಚ್ಚದ ಮೇಲೆ ಕಣ್ಣಿಡೋ ತಂಡದವರು ವಿಡಿಯೊ ಮಾಡ್ಕೊಂಡು ಎಲೆ ಲೆಕ್ಕ ಹಾಕಿ ಅವಳ ವೆಚ್ಚದ ಲೆಕ್ಕಕ್ಕೆ ಸೇರಿಸಿಬಿಡ್ತಾರೆ. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಅದರ ಓಡಾಟದಲ್ಲಿ ಮಧುಚಂದ್ರ ಗೋವಿಂದ.

ತಿದ್ದುಗ:

ಮೇಲಿನವರು ಹೇಳಿದ್ದಕ್ಕೆ ಎಣಿಕೆ ದಿನವನ್ನ ಸೇರಿಸ್ತೀನಿ. ಒಳಗಿಂದ ಮೆಸೇಜ್ ಕಳಿಸೋದು ಆಗಲ್ಲ, ಏಜೆಂಟರು ಎಣಿಕೆ ಕೊಠಡಿಗೆ ಫೋನ್ ಒಯ್ಯೋ ಹಾಗಿಲ್ಲ. ಆದರೆ ರಘು ಉಪನ್ಯಾಸಕ. ಅವನನ್ನೇ ಎಣಿಕೆ ಮೇಲ್ವಿಚಾರಕನಾಗಿ ಹಾಕ್ತಾರೆ! ಯಾರು ಯಾವ ಕ್ಷೇತ್ರಕ್ಕೆ ಅನ್ನೋದು ಹಿಂದಿನ ದಿನ, ಯಾವ ಟೇಬಲ್ಲಿಗೆ ಅನ್ನೋದು ಎಣಿಕೆ ದಿನವೇ ಬೆಳಗಿನ ಜಾವ 5ಕ್ಕೆ ಗೊತ್ತಾಗುತ್ತೆ. ಜಿಲ್ಲೆಯ ಹಲವು ಕ್ಷೇತ್ರಗಳ ಎಣಿಕೆ ಒಂದೇ ಆವರಣದಲ್ಲಿ ನಡೆಯೋದು ಸಾಮಾನ್ಯ. ಅವನು ಪಕ್ಕದ ಕೊಠಡಿಯಲ್ಲಿ ಬೇರೆ ಕ್ಷೇತ್ರದ ಯಂತ್ರದ ‘ರಿಸಲ್ಟ್’ ಗುಂಡಿ ಒತ್ತಿ, ಬಂದ ಅಂಕಿಯನ್ನ ಏಜೆಂಟರಿಗೆ ತೋರಿಸಿ ಬರ್ಕೋತಾ ಇರ್ತಾನೆ. ಗೋಡೆಯಾಚೆ ಅವಳದು 9ನೇ ಸುತ್ತು. ಕೇಳೋ ಹಾಗಿಲ್ಲ, ಏಳೋ ಹಾಗಿಲ್ಲ. ಸದ್ದು ಬರುತ್ತೆ, ಯಾರ ಕಡೆಯವರ ಸದ್ದು ಅಂತ ತಿಳಿಯಲ್ಲ.

ಒಂದು ಎಚ್ಚರ: ಮದುವೆ ಆಗಿದ್ರೆ ಅವನು ಮೊದಲೇ ಅಧಿಕಾರಿಗಳಿಗೆ ತಿಳಿಸಿ ಕರ್ತವ್ಯದಿಂದ ಬಿಡುಗಡೆ ಕೇಳಬೇಕು, ಇಲ್ಲದಿದ್ರೆ ಓದುಗರೇ ತಪ್ಪು ಹಿಡೀತಾರೆ. ಬರೀ ಪ್ರೀತಿ ಇದ್ರೆ ಯಾವ ಫಾರಂನಲ್ಲೂ ಅದಕ್ಕೆ ಕಾಲಂ ಇಲ್ಲ. ಹಾಗಾಗಿ ಪ್ರಮಾಣಪತ್ರದ ದೃಶ್ಯ ಬೇಕೋ, ಎಣಿಕೆಯ ದೃಶ್ಯ ಬೇಕೋ, ಒಂದನ್ನ ಆರಿಸಿ. ಎರಡೂ ಒಂದೇ ಪುಸ್ತಕದಲ್ಲಿ ನಿಲ್ಲಲ್ಲ.

ಕಾಲದ ಲೆಕ್ಕ ನಿಮ್ಮಲ್ಲಿ ಸಡಿಲ ಇದೆ. ಪ್ರಚಾರವೇ ‘ಕೆಲವು ತಿಂಗಳು’ ನಡೆಯುತ್ತೆ. 2023ರದ್ದನ್ನ ಅಳತೆಗೋಲು ಮಾಡ್ಕೊಳ್ಳಿ: ಮಾರ್ಚ್ 29 ಘೋಷಣೆ, ಅವತ್ತಿನಿಂದಲೇ ನೀತಿ ಸಂಹಿತೆ, ಏಪ್ರಿಲ್ 13 ಅಧಿಸೂಚನೆ, 20 ನಾಮಪತ್ರಕ್ಕೆ ಕೊನೆ ದಿನ, 21 ಪರಿಶೀಲನೆ, 24 ವಾಪಸಾತಿ, ಮೇ 10 ಮತದಾನ, 13 ಎಣಿಕೆ. ಒಟ್ಟು 45 ದಿನ. ಮೊದಲರ್ಧ ಪೂರ್ತಿ ಇದರೊಳಗೆ ಹಿಡಿಸಿ. ಮತದಾನದ ಹಿಂದಿನ ದಿನ ಮಸ್ಟರಿಂಗ್‌ನಲ್ಲಿ, ಅಂದ್ರೆ ಮತಗಟ್ಟೆ ಸಿಬ್ಬಂದಿಗೆ ಸಾಮಗ್ರಿ ಹಂಚೋ ಕಡೆ, ಮತಯಂತ್ರದ ಪೆಟ್ಟಿಗೆ ತಗೊಂಡು ಹೋದ ಮೇಷ್ಟ್ರು ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಿನ ಜಾವವೇ ಎದ್ದು ಯಂತ್ರ ಪರೀಕ್ಷಿಸೋ ಅಣಕು ಮತದಾನಕ್ಕೆ ಕೂತು, ಮತ್ತೆ ಮನೆ ಸೇರೋದು ಮಾರನೇ ರಾತ್ರಿ. ಅವಳಿಗೆ ಅವನು ಅತಿ ಹೆಚ್ಚು ಬೇಕಾದ ಎರಡು ದಿನ ಅವನು ಸಿಗಲ್ಲ. ಇದಕ್ಕೆ ಖಳನಾಯಕ ಯಾಕೆ ಬೇಕು?

ಇನ್ನು ಸಂಬೋಧನೆ. ನಿಮ್ಮ ಗೌರಿ, ರಘು ಮೊದಲ ಪುಟದಿಂದ ‘ನೀನು’ ಅಂತಾರೆ. ವ್ಯರ್ಥ! ‘ನೀವು’ ಇಂದ ಶುರು ಮಾಡಿ, ಯಾವ ಅಧ್ಯಾಯದಲ್ಲಿ ಯಾರು ಮೊದಲು ‘ನೀನು’ ಅಂದ್ರು ಅನ್ನೋದನ್ನ ಲೆಕ್ಕವಾಗಿ ಇಡಿ. ಅವಳು ಗೆದ್ದಮೇಲೆ ನಾಲ್ಕು ಜನರ ಮುಂದೆ ಅವನು ‘ಮೇಡಂ’ ಅನ್ನಲೇಬೇಕು, ಆ ಒಂದು ಪದ ಇಬ್ಬರನ್ನೂ ಚುಚ್ಚಬೇಕು. ಕಾರ್ಯಕರ್ತರಿಗೆ ಅವಳು ‘ಗೌರಕ್ಕ’. ಹಾಗಾದ್ರೆ ಅವನು ಏನಾಗ್ತಾನೆ? ಬೂತ್ ಹುಡುಗನೊಬ್ಬ ಟೀ ಲೋಟ ಕೊಡ್ತಾ ‘ತಗೊಳ್ಳಿ ಭಾವ’ ಅಂದ್ರೆ ಸಾಕು, ಕ್ಷೇತ್ರಕ್ಕೆಲ್ಲ ವಿಷಯ ಗೊತ್ತಾಗಿದೆ ಅಂತ ಓದುಗನಿಗೆ ತಿಳಿಯುತ್ತೆ. ಅಧ್ಯಾಯ 11ರ ಟಿವಿ ಬ್ರೇಕಿಂಗ್ ನ್ಯೂಸ್ ತೆಗೆದುಬಿಡಿ.

ಪೇಡಾ_ಗಲ್ಲಿ:

ಗೆದ್ದ ಮ್ಯಾಲಿನ ಭಾಗದ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ನಿಮ್ಮ ಗೌರಿ ಶಾಸಕಿ ಆಗಿ ಏನ ಕೆಲಸ ಮಾಡ್ತಾಳ ಅಂತ ಗೊತ್ತಾಗಂಗಿಲ್ಲ, ಬರೇ ‘ಮೀಟಿಂಗ್ ಇದೆ’ ಅಂತಾಳ.

ಮುಂಜಾನೆ ಆರೂವರಿಗೆ ಬಾಗಿಲ ಮುಂದ ಮಂದಿ. ಆಸ್ಪತ್ರಿ ಬಿಲ್ಲು ಕಡಿಮಿ ಮಾಡಸ್ರಿ, ಹಾಸ್ಟೆಲ್ ಸೀಟು ಕೊಡಸ್ರಿ, ಟಿ.ಸಿ. ಸುಟ್ಟು ಎಂಟು ದಿನ ಆತ್ರಿ ಕರೆಂಟಿಲ್ಲ. ಟಿ.ಸಿ. ಅಂದ್ರ ಟ್ರಾನ್ಸ್‌ಫಾರ್ಮರ್, ಹಳ್ಳಿಯೊಳಗ ಹಂಗ ಅಂತಾರ. ಲಗ್ನದ ಸೀಜನ್ನಿನ್ಯಾಗ ದಿನಕ್ಕ ಹತ್ತು ಮದುವಿ, ಪ್ರತಿಯೊಂದರಾಗೂ ಅಕ್ಷತಿ ಹಾಕಿ ಫೋಟೊಕ್ಕ ನಿಲ್ಲಬೇಕು. ಮಂದಿ ಲಗ್ನಕ್ಕೆಲ್ಲ ಹೋಗ್ತಾಳ, ತನ್ನ ಲಗ್ನ ಆಗಿ ವರ್ಷ ತುಂಬಿದ ದಿನ ಮರೀತಾಳ. ಇದನ್ನ ಬರೀರಿ.

ಡಿಸೆಂಬರಿನ್ಯಾಗ ಬೆಳಗಾವಿ ಅಧಿವೇಶನ. ಸುವರ್ಣ ವಿಧಾನಸೌಧ 2012ರಾಗ ಉದ್ಘಾಟನಿ ಆದದ್ದು. ತುಮಕೂರಿಂದ 400 ಕಿಲೋಮೀಟರ್ ಮ್ಯಾಲ, ಸುಮ್ಮ ಹೋಗಿ ಬರೂದಲ್ಲ. ರಾತ್ರಿ ಲಾಡ್ಜಿನ್ಯಾಗ ಕುಂತು ಮರುದಿನದ ಚುಕ್ಕಿ ಗುರುತಿನ ಪ್ರಶ್ನಿಗೆ, ಅಂದ್ರ ಮಂತ್ರಿ ಸದನದಾಗ ಬಾಯಿಲೇ ಉತ್ತರ ಕೊಡೂ ಪ್ರಶ್ನಿಗೆ, ಉಪಪ್ರಶ್ನಿ ತಯಾರ ಮಾಡಬೇಕು. ಶುಕ್ರವಾರ ಮಧ್ಯಾಹ್ನ ಆತಂದ್ರ ಎಲ್ಲಾರೂ ಊರಿಗೆ ಓಟ. ಹಿಂದಿನ ಸೀಟಿನ್ಯಾಗ ಅರ್ಜಿ ಕಟ್ಟಿನ ಮ್ಯಾಲ ಬೆಳಗಾವಿ ಸಿಹಿ ಕುಂದಾದ್ದು ಒಂದು ಡಬ್ಬಿ ಇಡ್ರಿ. ಮನಿ ಮುಟ್ಟೂದ್ರಾಗ ದಾರ್ಯಾಗ ಸಿಕ್ಕ ಕಾರ್ಯಕರ್ತರು ಅರ್ಧಾ ತಿಂದಿರಬೇಕು.

ಬಜೆಟ್ ಅಧಿವೇಶನ ಫೆಬ್ರವರಿ, ಮಾರ್ಚಿನ್ಯಾಗ. ಅವಂದು ಪಿಯುಸಿ ಪರೀಕ್ಷಾ, ಅದರ ಬೆನ್ನಿಗೆ ಮೌಲ್ಯಮಾಪನ. ಆ ಎರಡ ತಿಂಗಳು ಇಬ್ರೂ ಫ್ರಿಜ್ಜಿನ ಮ್ಯಾಲೆ ಚೀಟಿ ಹಚ್ಚಿ ಮಾತಾಡೂ ಪರಿಸ್ಥಿತಿ.

ಕರಡು_ಪ್ರತಿ:

ಎಣಿಕೆಯ ದೃಶ್ಯವನ್ನ ಬಿಟ್ಟುಕೊಡ್ತೀನಿ, ಹೊಟ್ಟೆ ಉರಿಯುತ್ತೆ, ಆದರೂ ಪ್ರಮಾಣಪತ್ರವೇ ಇರಲಿ. ಮದುವೆ ದೇವಸ್ಥಾನದಲ್ಲಿ. ಎರಡನೇ ಅರ್ಧದ ಅಪಾರ್ಥ ತೆಗೆದರೆ ಅಲ್ಲಿಗೆ ಏನು ಹಾಕಲಿ? ರಾಜೀನಾಮೆ ಉಳಿಸಬಹುದಾ?

ನಾಮಪತ್ರ_ವಿಭಾಗ:

ವರ್ಗಾವಣೆ ಹಾಕಿ. ಎರಡನೇ ವರ್ಷ ರಘುವಿನ ಹೆಸರು ವರ್ಗಾವಣೆ ಪಟ್ಟಿಯಲ್ಲಿ ಬರುತ್ತೆ, ಜಾಗ ಆರಿಸ್ಕೊಳ್ಳೋ ಕೌನ್ಸೆಲಿಂಗ್‌ನಲ್ಲಿ ಸಿಗೋದು ದೂರದ ಜಿಲ್ಲೆ. ದಂಪತಿ ಪ್ರಕರಣ ಅಂತ ಕೇಳೋಣ ಅಂದ್ರೆ ಅದು ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದವರಿಗೆ, ಶಾಸಕಿ ಸರ್ಕಾರಿ ನೌಕರಳಲ್ಲ. ಅವಳ ಮೇಜಿನ ಮೇಲೆ ಲೆಟರ್‌ಹೆಡ್ ಇದೆ, ದಿನಾ ಅದರಲ್ಲಿ ಊರವರಿಗೆಲ್ಲ ಶಿಫಾರಸು ಪತ್ರ ಕೊಡ್ತಾಳೆ. ಗಂಡನಿಗೊಂದು ಬರೆದ್ರೆ? ಸೇವಾ ವಿಷಯಕ್ಕೆ ರಾಜಕೀಯ ಒತ್ತಡ ತಂದ ಅಂತ ಶಿಸ್ತುಕ್ರಮ ಬರೋದು ಅವನ ಮೇಲೆ, ಪತ್ರಿಕೆಯಲ್ಲಿ ಹೆಸರು ಬರೋದು ಅವಳದು. ಬರೀದಿದ್ರೆ ಸಂಸಾರ ಎರಡು ಊರು. ಅವಳ ಪಿಎ ಅವಳನ್ನ ಕೇಳದೆ ಒಂದು ಪತ್ರ ಟೈಪ್ ಮಾಡಿ ಸಹಿಗೆ ಇಟ್ಟಿದಾನೆ, ದಿನದ ಮೂವತ್ತು ಪತ್ರಗಳ ನಡುವೆ. ಓದದೇ ಸಹಿ ಹಾಕೋದು ಅವಳ ಅಭ್ಯಾಸ ಅಂತ ಮೊದಲ ಅಧ್ಯಾಯಗಳಲ್ಲೇ ಎರಡು ಸಲ ತೋರಿಸಿರಿ.

ರಾಜೀನಾಮೆ ಬೇಡ. ನೇಮಕಾತಿ ಪ್ರಾಧಿಕಾರ ಅಂಗೀಕರಿಸೋವರೆಗೂ ಅದು ಜಾರಿಗೆ ಬರಲ್ಲ, ಕೊನೆ ಪುಟದಲ್ಲಿ ಬ್ಯಾಗ್ ಹಿಡ್ಕೊಂಡು ಬಂದವನು ಕಾಗದದ ಮೇಲೆ ಇನ್ನೂ ನೌಕರನೇ ಆಗಿರ್ತಾನೆ. ಇಬ್ಬರ ಕೆಲಸವೂ ಉಳಿಯೋ ಹಾಗೆ ಮುಗಿಸಿ: ಅವನು ಆ ಊರಿಗೆ ಹೋಗಿ ಸೇರ್ತಾನೆ, ಅವಳು ಸಹಿ ಹಾಕದ ಆ ಪತ್ರವನ್ನ ಹರಿದು, ಶನಿವಾರದ ಪ್ರವಾಸ ಪಟ್ಟಿಯಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸ್ತಾಳೆ, ಊರಿನ ಹೆಸರು ಮಾತ್ರ, ಕಾರ್ಯಕ್ರಮದ ಜಾಗ ಖಾಲಿ.

ತಿದ್ದುಗ:

ಖಾಲಿ ಬಿಟ್ಟ ಕಾಲಂ! ಹಾಗಿದ್ರೆ ನಾಮಪತ್ರದ ದೃಶ್ಯದಲ್ಲಿ ‘ಖಾಲಿ ಬಿಡೋ ಹಾಗಿಲ್ಲ ಮೇಡಂ’ ಅನ್ನೋ ಮಾತನ್ನ ಅಧಿಕಾರಿ ಬಾಯಲ್ಲಿ ಹೇಳಿಸಲೇಬೇಕು. ಒಂದೇ ಸಲ, ಒತ್ತಿ ಹೇಳಬೇಡಿ. ಮತ್ತೆ ಗೌರಿಯ ಭಾಷಣ ಒಂಬತ್ತು ಪುಟ ಇದೆಯಲ್ಲ, ಅದನ್ನ ಮುಕ್ಕಾಲು ಪುಟಕ್ಕೆ ಇಳಿಸಿ.